ಹಿತ್ತಲ ಒಲೆ

ಊಟಕ್ಕೆ ಕರೆದವನು, ತಾನು ಬಡಿಸಿದ್ದು ಏನೆಂಬುದನ್ನು ಅತಿಥಿಗೆ ಹೇಳಬೇಕೋ ಬೇಡವೋ? ಪ್ರಶ್ನೆ ಬಹಳ ಸಣ್ಣದು. ಅನ್ನ ಸಾರು ಬಡಿಸುವ ಮನೆಗಳಲ್ಲಿ ಅದು ಏಳುವುದೇ ಇಲ್ಲ. ಸಾರು ತಾನು ಸಾರೆಂದು ತಾನೇ ಹೇಳಿಕೊಳ್ಳುತ್ತದೆ. ಆದರೆ ಹೋದ ಸಂಕ್ರಾಂತಿಯ ವಾರದಲ್ಲಿ ನಮ್ಮ ಮನೆಗೆ ಆರು ಮಂದಿ ಊಟಕ್ಕೆ ಬರುವವರಿದ್ದಾಗ, ಈ ಸಣ್ಣ ಪ್ರಶ್ನೆ ರಾತ್ರಿಯಿಡೀ ನನ್ನನ್ನು ಎಚ್ಚರವಾಗಿರಿಸಿತು. ಎಚ್ಚರವಿರಲು ಬೇರೊಂದು ಕಾರಣವೂ ಇತ್ತೆನ್ನಿ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮೂರಿನ ಹೆಸರು ಅಗರ. ಯಳಂದೂರು ತಾಲ್ಲೂಕಿನಲ್ಲಿ ಮಾಂಬಳ್ಳಿಗೆ ಅಂಟಿಕೊಂಡಂತೆ ಇದೆ. ಹೊರಗಿನವರು ಎರಡನ್ನೂ ಸೇರಿಸಿ ಅಗರ-ಮಾಂಬಳ್ಳಿ ಎನ್ನುವುದೇ ರೂಢಿ. ಅಗ್ರಹಾರ ಎಂಬ ಶಬ್ದ ಜನರ ಬಾಯಲ್ಲಿ ಸವೆದು ಸವೆದು ಅಗರವಾಗುತ್ತದೆ ಎಂದು ತರಗತಿಯಲ್ಲಿ ತದ್ಭವ ಪಾಠ ಮಾಡುವಾಗಲೆಲ್ಲ ನಾನು ಹೇಳುವುದುಂಟು. ಅಂಥ ಹೆಸರಿನ ಊರಿನಲ್ಲಿ ಹುಟ್ಟಿದ ನಮ್ಮ ಮನೆಯಲ್ಲಿ ವರ್ಷಕ್ಕೆ ಮೂರು ನಾಲ್ಕು ಸಲ ಹಂದಿಯ ಮಾಂಸ ಬೇಯುತ್ತದೆ. ಮನೆಯಲ್ಲಿ ಎಂದದ್ದು ತಪ್ಪು. ಮನೆಯ ಹಿಂದೆ ಬೇಯುತ್ತದೆ. ಹಿತ್ತಲಿನ ತೆಂಗಿನ ಮರದ ಬುಡದಲ್ಲಿ ಮೂರು ಕಲ್ಲಿನ ಒಲೆ. ಅದಕ್ಕೆಂದೇ ಇರುವ ಮಡಕೆ, ಅದಕ್ಕೆಂದೇ ಇರುವ ಸೌಟು. ಉಂಡವರು ಕೈಕಾಲು ತೊಳೆದೇ ಒಳಗೆ ಬರಬೇಕು. ಇದು ನನ್ನ ತಂದೆಯ ಕಾಲದ ಕಟ್ಟಳೆ. ತಂದೆ ಹೋಗಿ ಒಂಬತ್ತು ವರ್ಷವಾದರೂ ಅವ್ವ ಅದನ್ನು ಸಡಿಲಿಸಿಲ್ಲ.

ನನ್ನ ಸಹೋದ್ಯೋಗಿಗಳು ಐವರು, ಯಳಂದೂರಿನ ಬಳೆಮಂಟಪವನ್ನೂ ಬಿಳಿಗಿರಿರಂಗನ ಬೆಟ್ಟವನ್ನೂ ನೋಡಿಕೊಂಡು ಮಧ್ಯಾಹ್ನ ನಿಮ್ಮ ಮನೆಗೆ ಬರುತ್ತೇವೆ ಎಂದಿದ್ದರು. 'ಔತಣ ಗಿವುತಣ ಬೇಡ ಮೇಷ್ಟ್ರೇ, ಕೈಯಲ್ಲಿ ಹಿಡಿದು ತಿನ್ನುವಂಥದ್ದು ಏನಾದರೂ ಇರಲಿ' ಎಂಬುದು ಅವರ ಅಪ್ಪಣೆ. ಈ ಮಾತು ನನ್ನ ಅಕ್ಕನ ಮಗನ ಕಿವಿಗೆ ಬಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ. ಕಂಪನಿಯವರು ಎರಡು ವರ್ಷ ಅಮೆರಿಕಕ್ಕೆ ಕಳುಹಿಸಿದ್ದರು. ಅಲ್ಲಿಂದ ತಂದ ಒಂದು ವಿದ್ಯುತ್ತಿನ ಮಡಕೆಯನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಬಂದ. ಒಳಗೆ ಪಿಂಗಾಣಿಯ ಪಾತ್ರೆ, ಹೊರಗೆ ಲೋಹದ ಕವಚ, ಮೇಲೆ ಗಾಜಿನ ಮುಚ್ಚಳ. ಸಂಜೆ ಮಾಂಸವಿಟ್ಟು ಗುಂಡಿ ಒತ್ತಿದರೆ ಬೆಳಿಗ್ಗೆಗೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದಂತೆ. ಅದನ್ನು ಬನ್ನಿನೊಳಗೆ ತುಂಬಿ ಕೊಟ್ಟರೆ ಆಯಿತು.

ಈ ಮಡಕೆಯ ಪೂರ್ವಕಥೆ ನನಗೆ ಅಡುಗೆಗಿಂತ ರುಚಿಯಾಗಿ ಕಂಡಿತು. ಇದನ್ನು ಕಂಡುಹಿಡಿದವನು ಇರ್ವಿಂಗ್ ನ್ಯಾಕ್ಸನ್ ಎಂಬ ಅಮೆರಿಕದ ಯೆಹೂದಿ. ಪೇಟೆಂಟ್ ದೊರೆತದ್ದು 1940ರಲ್ಲಿ. ಯೆಹೂದಿಗಳು ಸಬ್ಬತ್ತಿನ ದಿನ ಬೆಂಕಿ ಹೊತ್ತಿಸುವಂತಿಲ್ಲ. ಆದ್ದರಿಂದ ಲಿಥುವೇನಿಯದಲ್ಲಿ ಅವನ ಹಿರಿಯರು ಶುಕ್ರವಾರ ಹೊತ್ತು ಮುಳುಗುವ ಮುನ್ನ ಕಾಳು, ಮಾಂಸಗಳ ಮಡಕೆಯನ್ನು ರೊಟ್ಟಿಯಂಗಡಿಯವನ ಗೂಡಿನಲ್ಲಿಟ್ಟು, ಆರುತ್ತಿರುವ ಗೂಡಿನ ಶಾಖದಲ್ಲೇ ಮರುದಿನದವರೆಗೆ ಬೇಯಲು ಬಿಡುತ್ತಿದ್ದರು. ತಾಯಿಯ ಬಾಯಿಂದ ಇದನ್ನು ಕೇಳಿದ್ದ ಮಗ ಆ ಗೂಡನ್ನೇ ವಿದ್ಯುತ್ತಿನ ಪಾತ್ರೆಯಾಗಿ ಮಾಡಿದ. 1971ರ ಹೊತ್ತಿಗೆ ಮತ್ತೊಂದು ಕಂಪನಿ ಅದಕ್ಕೆ ಹೊಸ ಹೆಸರಿಟ್ಟು ಮನೆಮನೆಗೆ ಮಾರಿತು. ಹಂದಿಯನ್ನು ಮುಟ್ಟದ ಜನರ ನೇಮದಿಂದ ಹುಟ್ಟಿದ ಪಾತ್ರೆಯಲ್ಲಿ ಈಗ ಹಂದಿಯ ಭುಜವೇ ಬೇಯುತ್ತದೆ! ವಸ್ತುಗಳಿಗೆ ಮಡಿಮೈಲಿಗೆಯ ನೆನಪಿಲ್ಲ, ನೆನಪೆಲ್ಲ ನಮ್ಮದು.

ಮೈಸೂರಿನಿಂದ ತಂದ ಎರಡು ಕಿಲೋ ಮಾಂಸಕ್ಕೆ ಹುಡುಗ ಉಪ್ಪು, ಬ್ಯಾಡಗಿ ಮೆಣಸಿನ ಪುಡಿ, ಮೆಣಸು, ಚೂರು ಬೆಲ್ಲ ಸವರಿದ. ಹುಳಿಗೆ ಅಮೆರಿಕದವರು ವಿನಿಗರ್ ಹಾಕುತ್ತಾರಂತೆ. ನಮ್ಮಲ್ಲಿ ಕೊಡಗಿನ ಸ್ನೇಹಿತರೊಬ್ಬರು ಕೊಟ್ಟ ಕಾಚಂಪುಳಿ ಇತ್ತು, ಕಪ್ಪಗೆ, ಗಟ್ಟಿಯಾಗಿ. ಅದೇ ಬಿತ್ತು. ಭುಜದ ಮಾಂಸವೇ ಏಕೆ ಎಂದು ಕೇಳಿದೆ. ಓಡಾಡಿ ದುಡಿದ ಭಾಗವಾದ್ದರಿಂದ ಅದರಲ್ಲಿ ನಾರು ಹೆಚ್ಚು, ನಾರನ್ನು ಹಿಡಿದಿರುವ ಅಂಟೂ ಹೆಚ್ಚು. ಅವಸರದ ಉರಿಗೆ ಅದು ಚಕ್ಕಳದಂತಾಗುತ್ತದೆ. 70 ಡಿಗ್ರಿ ದಾಟಿದ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಬೆಂದರೆ ಆ ಅಂಟು ಕರಗಿ, ನಾರುಗಳು ಒಂದನ್ನೊಂದು ಬಿಡುತ್ತವೆ. ರಾತ್ರಿ ಹತ್ತಕ್ಕೆ ಗುಂಡಿ ಒತ್ತಿದ್ದಾಯಿತು.

ಒತ್ತಿದ್ದು ಎಲ್ಲಿ? ಅಡುಗೆಮನೆಯಲ್ಲಿ. ಹಿತ್ತಲಿಗೆ ವಿದ್ಯುತ್ತಿನ ತಂತಿ ಹೋಗಿಲ್ಲ. ನಮ್ಮ ಮನೆ ಕಟ್ಟಿದಂದಿನಿಂದ ಆ ಮಾಂಸ ಹೊಸಿಲು ದಾಟಿ ಒಳಗೆ ಬಂದದ್ದು ಅದೇ ಮೊದಲು. ಅವ್ವ ಬಾಗಿಲಿನಲ್ಲಿ ನಿಂತು ಬಹಳ ಹೊತ್ತು ನೋಡಿದರು.

'ಬೆಂಕಿ ಕಾಣದು, ಹೊಗೆ ಕಾಣದು, ಇದೇನ್ ವಲೆ ಮಗಾ?' ಎಂದರು. ಬೇರೇನೂ ಹೇಳಲಿಲ್ಲ. ಹೇಳದೆ ಇದ್ದದ್ದು ನನಗೆ ಕೇಳಿಸಿತು.

ಆರು ಮಂದಿ ಎಂದೆನಲ್ಲ, ಐವರು ಸಹೋದ್ಯೋಗಿಗಳು. ಆರನೆಯವನು ಮಾನಸಗಂಗೋತ್ರಿಯಲ್ಲಿ ನನ್ನೊಡನೆ ಎಂ.ಎ. ಓದಿದವನು. 22 ವರ್ಷಗಳ ಹಿಂದೆ ಹಾಸ್ಟೆಲಿನಲ್ಲಿ ನಮ್ಮಿಬ್ಬರ ಕೋಣೆಗಳು ಎದುರುಬದುರು. ಅವನೂ ಮಾಂಸ ತಿನ್ನುವವನೇ. ಆದರೆ ಈ ಒಂದು ಮಾಂಸ ಮಾತ್ರ ಅವರ ಮನೆಯವರಿಗೆ ನಿಷಿದ್ಧ. ಯಾವ ಮತ, ಯಾವ ಜಾತಿ ಎಂದು ಓದುಗರು ಊಹಿಸುವುದು ಬೇಡ. ಊಹೆಯಿಂದ ನನ್ನ ತಪ್ಪು ದೊಡ್ಡದೂ ಆಗುವುದಿಲ್ಲ, ಸಣ್ಣದೂ ಆಗುವುದಿಲ್ಲ. ಒಂದು ಭಾನುವಾರ ಊರಿನಿಂದ ಅವ್ವ ಕಟ್ಟಿಕೊಟ್ಟ ಡಬ್ಬಿ ಬಂತು. ಪರಿಮಳಕ್ಕೆ ಅವನು ಎದ್ದು ಬಂದ. 'ಏನಪ್ಪಾ ಇದು?' ಎಂದ. ನಾನು, 'ಕುರಿ' ಎಂದೆ.

ಏಕೆ ಹಾಗೆಂದೆ? ಅವನನ್ನು ಕೆಡಿಸಬೇಕೆಂದಲ್ಲ. ಹಂದಿ ಎಂಬ ಮಾತು ಬಾಯಿಂದ ಬಂದರೆ ನಮ್ಮ ಮನೆ, ಕೇರಿ, ಅವ್ವನ ಕೈ, ಎಲ್ಲವೂ ಅವನ ಕಣ್ಣಿನಲ್ಲಿ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತವೆ ಎಂಬ ಭಯ. ಅವನು ತಿಂದ, ಚೆನ್ನಾಗಿದೆ ಎಂದ, ಕೈ ತೊಳೆದ. ಮುಂದೆ ಊರಿನಿಂದ ಡಬ್ಬಿ ಬಂದ ದಿನಗಳಲ್ಲೆಲ್ಲ ಅವನಿಗೆ ಏನಾದರೊಂದು ಕೆಲಸವಿರುತ್ತಿತ್ತು. ಪರೀಕ್ಷೆ ಹತ್ತಿರವಾಯಿತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಈ ಕಥೆಯನ್ನು ಆ ರಾತ್ರಿ ಅಕ್ಕನ ಮಗನಿಗೆ ಹೇಳಿದೆ. ಅವನು ಕಾಲಕ್ಕೆ ತಕ್ಕ ಹುಡುಗ. 'ನೀವು ಮಾಡಿದ್ದು ಸರಿ ಮಾವ. ನಮ್ಮ ಊಟಕ್ಕೆ ಅಸಹ್ಯಪಡುವವರು ನಮಗೇ ಅಸಹ್ಯಪಟ್ಟ ಹಾಗೆ. ಒಂದು ಸಲ ತಿನ್ನಿಸಿಬಿಟ್ಟರೆ ಏನೂ ಆಗುವುದಿಲ್ಲ ಅಂತ ಗೊತ್ತಾಗುತ್ತದೆ' ಎಂದ. ಈ ವಾದವನ್ನು ಬರಿದೇ ಹುಡುಗಾಟವೆಂದು ತಳ್ಳಿಹಾಕಲು ನನ್ನಿಂದಾಗಲಿಲ್ಲ. ತಟ್ಟೆಯ ಮುಂದೆ ಮೂಗು ಮುರಿದು ಮನುಷ್ಯರನ್ನು ಕೀಳುಮಾಡಿದ ಚರಿತ್ರೆ ನಮ್ಮ ದೇಶದಷ್ಟು ಉದ್ದ ಇನ್ನೆಲ್ಲಿದೆ? ಆ ಅಸಹ್ಯವನ್ನು ಗೌರವಿಸುವುದು ನನ್ನ ಧರ್ಮವೇ?

ಆದರೆ ವಾದದಲ್ಲಿ ಒಂದು ಬಿರುಕಿದೆ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಮಿಶ್ರಭೋಜನ ನಡೆಸಿದರು. ತನ್ನ ಜಾತಿಯವರನ್ನೂ ಪುಲಯರನ್ನೂ ಒಟ್ಟಿಗೆ ಕೂರಿಸಿ ಉಣಿಸಿದ ಆ ತರುಣನಿಗೆ ಜಾತಿಯವರು ಪುಲಯನ್ ಅಯ್ಯಪ್ಪನ್ ಎಂದು ಹೆಸರಿಟ್ಟು ಹೀಯಾಳಿಸಿದರು, ಬಹಿಷ್ಕಾರವೂ ಬಂತು. ಆ ಊಟಕ್ಕೆ ಶಕ್ತಿ ಬಂದದ್ದು ಎಲ್ಲಿಂದ? ಕೂತವರಿಗೆಲ್ಲ ತಾವು ಯಾರ ಪಕ್ಕದಲ್ಲಿ, ಏನು ಮಾಡುತ್ತಿದ್ದೇವೆಂದು ಗೊತ್ತಿತ್ತು. ಗೊತ್ತಿಲ್ಲದೆ ಉಂಡವನು ಯಾವ ಕಟ್ಟನ್ನೂ ಮುರಿದಂತಾಗಲಿಲ್ಲ. ನನ್ನ ಸ್ನೇಹಿತ ಕುರಿಯೆಂದು ತಿಂದ ಪಕ್ಷದಲ್ಲಿ, ಅವನ ಅಸಹ್ಯ ಎಲ್ಲಿತ್ತೋ ಅಲ್ಲೇ ಉಳಿಯಿತು. ಹೋದದ್ದು ಒಂದೇ, ಬೇಡ ಎನ್ನುವ ಅವನ ಹಕ್ಕು. ಅದನ್ನು ನಾನು ಕದ್ದುಕೊಂಡೆ.

ಕನ್ನಡ ಮೇಷ್ಟರಾದವರಿಗೆ ಇಂಥ ಹೊತ್ತಿನಲ್ಲಿ ಮಹಾಭಾರತ ಕೈಬಿಡುವುದಿಲ್ಲ. ವನಪರ್ವದ ಧರ್ಮವ್ಯಾಧನ ಕಥೆಯನ್ನು ನಾವು ಕುಲಧರ್ಮದ ಪಾಠವಾಗಿಯೇ ಓದುತ್ತೇವೆ. ಆದರೆ ಅದರಲ್ಲಿ ಒಂದು ಪುಟ್ಟ ಸಂಗತಿಯಿದೆ. ಆ ವ್ಯಾಧ ಮಿಥಿಲೆಯಲ್ಲಿ ಮಾರುತ್ತಿದ್ದುದು ಹಂದಿಯ ಮತ್ತು ಕೋಣದ ಮಾಂಸ. ತಾನು ಕೊಲ್ಲುವುದಿಲ್ಲ, ತಿನ್ನುವುದೂ ಇಲ್ಲ ಎಂದು ಅವನೇ ಹೇಳುತ್ತಾನೆ. ಕೌಶಿಕ ಬ್ರಾಹ್ಮಣ ಅಂಗಡಿಗೆ ಬಂದಾಗ ಅವನು ಮಾಂಸವನ್ನು ಮುಚ್ಚಿಡಲಿಲ್ಲ, ಬೇರೆ ಹೆಸರಿನಿಂದ ಕರೆಯಲಿಲ್ಲ. ಈ ಜಾಗ ನಿಮಗೆ ತಕ್ಕದ್ದಲ್ಲ, ಒಪ್ಪಿದರೆ ಮನೆಗೆ ಹೋಗೋಣ ಎಂದ. ಅಷ್ಟೆ. ನಾಚಿಕೆಯೂ ಇಲ್ಲ, ಜಂಬವೂ ಇಲ್ಲ. 22 ವರ್ಷದ ಹಿಂದೆ ನನಗೆ ಕೂಡಿಬರದೆ ಹೋದದ್ದು ಆ ಒಂದು ವಾಕ್ಯ.

ಬೇಡರ ಕಣ್ಣಪ್ಪನೂ ನೆನಪಾದ. ನಮ್ಮ ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರಿನ ಮುತ್ತುರಾಜ, 1954ರಲ್ಲಿ ರಾಜ್‌ಕುಮಾರ್ ಆಗಿ ಮೊದಲು ನಾಯಕನ ಪಾತ್ರ ವಹಿಸಿದ್ದೇ ಆ ಕಣ್ಣಪ್ಪನಾಗಿ. ಆದ್ದರಿಂದ ನಮ್ಮ ಕಡೆಯವರಿಗೆ ಅವನು ನೆಂಟನಿದ್ದಂತೆ. ತಮಿಳಿನ ಪೆರಿಯ ಪುರಾಣದಲ್ಲಿ ಅವನು ಕಾಡುಹಂದಿಯನ್ನು ಸುಟ್ಟು, ಬಾಯಲ್ಲಿ ರುಚಿ ನೋಡಿ, ಒಳ್ಳೆಯ ತುಂಡುಗಳನ್ನೇ ಆರಿಸಿ ಶಿವನಿಗೆ ತಂದಿಡುತ್ತಾನೆ. ಆದರೆ ಆ ದೃಷ್ಟಾಂತ ನನ್ನ ಕೆಲಸಕ್ಕೆ ಬರಲಿಲ್ಲ. ಈಶ್ವರನಿಗೆ ಎಲ್ಲವೂ ಗೊತ್ತು. ಹಾಗೆಯೇ ಈಶ್ವರನಿಗೆ ಉತ್ತರ ಹೇಳಬೇಕಾದ ತಾಯಿ ಮನೆಯಲ್ಲಿ ಕೂತಿಲ್ಲ.

ರಾತ್ರಿ ಒಂದೂವರೆಗೆ ಫ್ಯಾನು ನಿಂತಿತು. ವಿದ್ಯುತ್ತು ಹೋಗಿತ್ತು. ನಾನು ಮೊದಲು ಹೇಳಿದ ಎರಡನೆಯ ಕಾರಣ ಇದೇ. ಹುಡುಗ ಗಾಬರಿಯಾದ. 60 ಡಿಗ್ರಿಗಿಂತ ಕೆಳಗೆ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತ ಮಾಂಸ ವಿಷವಾಗುತ್ತದೆ ಎಂದು ಮೊಬೈಲಿನ ಬೆಳಕಿನಲ್ಲಿ ಅತ್ತಿಂದಿತ್ತ ಓಡಾಡಿದ. ಅರೆಬೆಂದ ಹಂದಿಯಿಂದ ಲಾಡಿಹುಳು ಬರುತ್ತದೆಂಬುದು ನಮಗೂ ತಿಳಿದಿತ್ತು. ಅವ್ವ ಅಷ್ಟರಲ್ಲೇ ಹಿತ್ತಲ ಬಾಗಿಲು ತೆಗೆದಿದ್ದರು. ಮಾಂಸ ಹಳೆಯ ಮಡಕೆಗೆ ಇಳಿಯಿತು, ಒಲೆ ಹೊತ್ತಿತು. ಒಂದು ಕುದಿ ಬಂದ ಮೇಲೆ ಸೌದೆ ಎಳೆದು, ಕೆಂಡದ ಮೇಲೆ ಬಿಟ್ಟು, ಅದರ ಪಕ್ಕದಲ್ಲೇ ಕಂಬಳಿ ಹೊದ್ದು ಕೂತರು. ಬೆಳಿಗ್ಗೆ ಎಂಟಕ್ಕೆ ಸೌಟು ತಾಗಿಸಿದರೆ ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಅಮೆರಿಕದ ಅಡುಗೆ ಅಗರದ ಕೆಂಡದ ಮೇಲೆ ಬೆಂದಿತ್ತು.

ಅವ್ವನ ಪಕ್ಕದಲ್ಲಿ ಕೂತು ಕೆಂಡ ನೋಡುತ್ತಾ, ತಂದೆಯ ಕಟ್ಟಳೆಯ ಬಗ್ಗೆ ಯೋಚಿಸಿದೆ. ಹಿತ್ತಲ ಒಲೆಯೆಂದರೆ ನಾಚಿಕೆಯ ಒಲೆ, ಊರಿನ ಮೇಲುಜನ ನಮ್ಮ ತಲೆಯೊಳಗೆ ಹೂಡಿದ ಒಲೆ ಎಂದು ಬಹಳ ವರ್ಷ ತಿಳಿದಿದ್ದೆ. ಅದು ಸುಳ್ಳಲ್ಲ. ಆದರೆ ತಂದೆ ಬಾಯಿಬಿಟ್ಟು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ ಎಂಬುದೂ ಸುಳ್ಳಲ್ಲ. ಹಿತ್ತಲಲ್ಲಿ ಹೊಗೆ ಕಂಡರೆ, ಮನೆಗೆ ಬಂದವರಿಗೆ ಇಂದು ಈ ಮನೆಯಲ್ಲಿ ಏನಿದೆ ಎಂದು ತಿಳಿಯುತ್ತಿತ್ತು. ಬೇಕಾದವರು ಹಿಂದೆ ಹೋಗಿ ಕೂರುತ್ತಿದ್ದರು, ಬೇಡದವರು ಜಗಲಿಯಲ್ಲಿ ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಒಂದೇ ಒಲೆ ಅವಮಾನವನ್ನೂ ಒಪ್ಪಿಕೊಳ್ಳುತ್ತಿತ್ತು, ಸತ್ಯವನ್ನೂ ಹೇಳುತ್ತಿತ್ತು. ಎರಡನ್ನೂ ಬಿಡಿಸಿ ಬೇರೆ ಮಾಡಲು ನನಗೆ ಇನ್ನೂ ಆಗಿಲ್ಲ.

ನಮ್ಮ ಸೀಮೆಯಲ್ಲೇ ಇನ್ನೊಂದು ಬಗೆಯೂ ಇದೆ. ಪುಷ್ಯ ಹುಣ್ಣಿಮೆಗೆ ಆರಂಭವಾಗುವ ಚಿಕ್ಕಲ್ಲೂರು ಜಾತ್ರೆಯಲ್ಲಿ ಸಿದ್ಧಪ್ಪಾಜಿಯ ಒಕ್ಕಲಿನವರು ಪಂಕ್ತಿಸೇವೆಯ ದಿನ ಬಯಲಿನಲ್ಲಿ ಬಿಡಾರ ಹೂಡಿ, ಮಾಂಸದಡುಗೆ ಮಾಡಿ, ಹಲವು ಜಾತಿಯವರು ಸಾಲಾಗಿ ಕೂತು ಉಣ್ಣುತ್ತಾರೆ. 1959ರ ಪ್ರಾಣಿಬಲಿ ನಿಷೇಧದ ಕಾಯಿದೆಯನ್ನು ಮುಂದೊಡ್ಡಿ ಅದನ್ನು ತಡೆಯಹೊರಟಾಗ, ಇದು ಬಲಿಯಲ್ಲ, ಊಟ ಎಂದು ಒಕ್ಕಲು ವಾದಿಸಿತು. ಅಲ್ಲಿ ಹಿತ್ತಲೆಂಬುದೇ ಇಲ್ಲ. ಇಡೀ ಬಯಲೇ ಅಡುಗೆಮನೆ. ಆದರೆ ವರ್ಷಕ್ಕೊಮ್ಮೆ ಬಯಲಿನಲ್ಲಿ ಕೂತವರು ಉಳಿದ ದಿನಗಳಲ್ಲಿ ಮನೆಗಳಿಗೇ ಹಿಂದಿರುಗುತ್ತಾರೆ. ಮನೆಗೆ ಹಿತ್ತಲಿದೆ.

ಮಧ್ಯಾಹ್ನ ಹನ್ನೆರಡೂವರೆಗೆ ಕಾರು ಬಂತು. ಸಹೋದ್ಯೋಗಿಗಳಿಗೆ ಅಂಗಳದಲ್ಲೇ ಹೇಳಿದೆ. ಮೂವರು ನೇರ ಹಿತ್ತಲಿಗೆ ನಡೆದರು. ಒಬ್ಬರು ಮೊದಲೇ ಸಸ್ಯಾಹಾರಿ. ಇನ್ನೊಬ್ಬರು ಸ್ವಲ್ಪ ಯೋಚಿಸಿ, 'ಮನೆಯಲ್ಲಿ ಹೇಳದಿದ್ದರೆ ಆಯಿತು, ಬಿಡಿ' ಎಂದರು. ಯಳಂದೂರಿನ ಬೇಕರಿಯ ಬನ್ನು ಸಿಹಿಯಾಗಿತ್ತು, ಯಾರೂ ದೂರಲಿಲ್ಲ.

ಸ್ನೇಹಿತ ಹಿಂದುಳಿದು ಚಪ್ಪಲಿ ಬಿಚ್ಚುತ್ತಿದ್ದ. 'ಹಿಂದೆ ಒಲೆಯ ಮೇಲೆ ಹಂದಿ ಇದೆ. ನಿನಗೆ ಹಿತಕಿದ ಅವರೆಬೇಳೆ ಸಾರು, ಮುದ್ದೆ ಬೇರೆ ಮಾಡಿಸಿದ್ದೇನೆ' ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. 'ಹಾಸ್ಟೆಲಿನಲ್ಲಿ ನೀನು ತಿಂದದ್ದೂ ಅದೇ' ಎಂದೆ.

'ಗೊತ್ತು' ಎಂದ.

'ಯಾವಾಗ ಗೊತ್ತಾಯಿತು?'

'ಎರಡನೆಯ ತುತ್ತಿಗೆ. ಕುರಿಗೆ ಅಂಥ ಕೊಬ್ಬು ಎಲ್ಲಿಂದ ಬರಬೇಕು?'

'ಆದರೂ ತಿಂದೆಯಲ್ಲ!'

'ಬಿಟ್ಟು ಎದ್ದರೆ ನಿನಗೆ ತಿಳಿದುಹೋಗುತ್ತಿತ್ತು. ನಿಮ್ಮವ್ವ ಕಳುಹಿಸಿದ್ದು ಅಂತ ಅಷ್ಟು ಖುಷಿಯಾಗಿದ್ದೆ ನೀನು.' ಸ್ವಲ್ಪ ತಡೆದು ಹೇಳಿದ: 'ನೀನು ಮೊದಲೇ ಹೇಳಿದ್ದರೆ ತಿನ್ನುತ್ತಿರಲಿಲ್ಲ, ಅಷ್ಟೆ. ಆಮೇಲೆ ನಮ್ಮಮ್ಮನ ಎದುರು ಕೂತು ಉಣ್ಣುವಾಗಲೆಲ್ಲ ಅದು ನೆನಪಾಗುತ್ತಿತ್ತು. ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ. ಹೋದ ವರ್ಷ ಅವರೂ ಹೋದರು.'

ನಾನು ಏನೂ ಹೇಳಲಾರದೆ ನಿಂತೆ. ಒಂದು ತುತ್ತಿನ ಸುಳ್ಳು ಎಂದು ನಾನು ಲೆಕ್ಕವಿಟ್ಟಿದ್ದೆ. ಅವನು ಅದನ್ನು 22 ವರ್ಷ ಮನೆಯಲ್ಲಿ ಹೊತ್ತು ತಿರುಗಿದ್ದ.

ಅವನು ಒಳಗೆ ಕೂತು ಅವರೆಬೇಳೆ ಸಾರಿನಲ್ಲಿ ಎರಡು ಮುದ್ದೆ ಉಂಡ. ಕೈ ತೊಳೆಯಲು ಹಿತ್ತಲಿಗೆ ಬಂದಾಗ ಮಡಕೆಯ ಬಳಿ ನಿಂತು, ರಾತ್ರಿ ಎಷ್ಟು ಹೊತ್ತು ಬೆಂದಿತೆಂದು ಅವ್ವನನ್ನು ವಿಚಾರಿಸಿದ. ಅವ್ವ ವಿದ್ಯುತ್ತು ಹೋದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದರು. ಕಾರು ಹೊರಟ ಮೇಲೆ ಆ ಪಿಂಗಾಣಿಯ ಪಾತ್ರೆಯನ್ನು ಬೂದಿ ಹಾಕಿ ಉಜ್ಜಿ, ಹಿತ್ತಲ ಗೋಡೆಯ ಮೇಲೆ ಹಳೆಯ ಮಡಕೆಯ ಪಕ್ಕದಲ್ಲಿ ಬೋರಲು ಹಾಕಿದರು. ಹುಡುಗ ಅದನ್ನು ಅಲ್ಲೇ ಬಿಟ್ಟು ಬೆಂಗಳೂರಿಗೆ ಹೋದ.