ಜೊತೆಗಾರರಿಗಾಗಿ ಮುಂದೆ ಹೋದ ಯೋಧ



ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ ನಾವೆಲ್ಲರೂ ಒಂದು ಮಾತು ಹೇಳುತ್ತೇವೆ. ಪ್ರಭು ನಮ್ಮಲ್ಲಿಗೆ ಬರುವಷ್ಟು ಯೋಗ್ಯತೆ ನಮಗಿಲ್ಲ, ಅವರ ಒಂದು ಮಾತೇ ಸಾಕು ಎಂದು ಬೇಡಿಕೊಳ್ಳುತ್ತೇವೆ. ಈ ಮಾತು ಮೊದಲು ಯಾರ ಬಾಯಿಂದ ಬಂತು, ನೆನಪಿದೆಯೇ? ಪ್ರೇಷಿತರ ಬಾಯಿಂದಲ್ಲ. ಒಬ್ಬ ಸೈನಿಕನ ಬಾಯಿಂದ. ಕಫೆರ್ನವುಮಿನ ಶತಾಧಿಪತಿ ಯೇಸುಸ್ವಾಮಿಯನ್ನು ಬೇಡಿಕೊಂಡದ್ದು ತನಗಾಗಿ ಅಲ್ಲ, ನರಳುತ್ತಾ ಮಲಗಿದ್ದ ತನ್ನ ಸೇವಕನಿಗಾಗಿ. ಅವನ ವಿಶ್ವಾಸವನ್ನು ಕಂಡು ಪ್ರಭುವೇ ಬೆರಗಾದರು. ನೂರು ಜನರ ಮೇಲೆ ಅಧಿಕಾರವಿದ್ದವನು ತನ್ನ ಕೈಕೆಳಗಿನ ಒಬ್ಬನ ನೋವನ್ನು ತನ್ನದೆಂದು ತಿಳಿದ.

ಡಿಸೆಂಬರ್ 3 ಬಂದಾಗಲೆಲ್ಲ ನನಗೆ ಈ ಶತಾಧಿಪತಿಯ ಜೊತೆ ಇನ್ನೊಬ್ಬ ಸೈನಿಕನ ನೆನಪೂ ಆಗುತ್ತದೆ. ಅಂದು ನಾವು ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬವನ್ನು ಆಚರಿಸುತ್ತೇವೆ. 1971ರ ಅದೇ ದಿನ ಆರಂಭವಾದ ಯುದ್ಧದ ಮೊದಲ ರಾತ್ರಿಯಲ್ಲೇ ಲಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಪ್ರಾಣ ಕೊಟ್ಟರು.

ಈಗಿನ ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಜಾರಿ ಎಂಬ ಹಳ್ಳಿ ಅವರ ಊರು. 1942ರ ಡಿಸೆಂಬರ್ 27ರಂದು ಉರಾಂವ್ ಬುಡಕಟ್ಟಿನ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು. ಕಾಡಿನ ಮಕ್ಕಳಂತೆ ಬಿಲ್ಲು ಬಾಣ ಹಿಡಿದು, ಹಾಕಿ ಆಡಿ ಬೆಳೆದವರು. ಇಪ್ಪತ್ತನೆಯ ವಯಸ್ಸಿಗೆ ಸೈನ್ಯ ಸೇರಿದರು. 1971ರಲ್ಲಿ ಅವರು 14 ಗಾರ್ಡ್ಸ್ ಪಡೆಯಲ್ಲಿದ್ದರು. ಮನೆಯಲ್ಲಿ ಹೆಂಡತಿ, ಒಬ್ಬ ಪುಟ್ಟ ಮಗ. ಆ ವರ್ಷ ಕ್ರಿಸ್ಮಸ್ ಕಳೆದು ಎರಡು ದಿನಕ್ಕೆ ಅವರಿಗೆ 29 ತುಂಬಬೇಕಿತ್ತು.

ಅಗರ್ತಲದ ಪಶ್ಚಿಮಕ್ಕೆ, ಗಡಿಯಾಚೆ, ಈಗಿನ ಬಾಂಗ್ಲಾದೇಶದಲ್ಲಿ ಗಂಗಾಸಾಗರ ಎಂಬ ರೈಲು ನಿಲ್ದಾಣವಿದೆ. ಅಲ್ಲಿ ಪಾಕಿಸ್ತಾನಿ ಸೈನಿಕರು ಭದ್ರವಾದ ಬಂಕರುಗಳಲ್ಲಿ ಬೀಡುಬಿಟ್ಟಿದ್ದರು. ದಾಳಿ ಆರಂಭವಾದಾಗ ಒಂದು ಲೈಟ್ ಮೆಷಿನ್ ಗನ್ನಿನ ಗುಂಡಿಗೆ ಜೊತೆಗಾರರು ಒಬ್ಬೊಬ್ಬರಾಗಿ ಬೀಳುವುದನ್ನು ಆಲ್ಬರ್ಟ್ ಕಂಡರು. ತಮ್ಮ ಪ್ರಾಣದ ಚಿಂತೆ ಬಿಟ್ಟು ಆ ಬಂಕರಿನ ಮೇಲೆ ನುಗ್ಗಿ, ಬಯೊನೆಟ್ಟಿನಿಂದ ಇಬ್ಬರನ್ನು ಕೊಂದು, ಆ ಗನ್ನನ್ನು ಸುಮ್ಮನಾಗಿಸಿದರು. ಅವರಿಗೂ ಬಲವಾದ ಗಾಯವಾಯಿತು. ಹಿಂದಕ್ಕೆ ಹೋಗಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವರು ಹೋಗಲಿಲ್ಲ. ಒಂದು ಮೈಲಿ ಉದ್ದಕ್ಕೂ ಬಂಕರಿನಿಂದ ಬಂಕರಿಗೆ ಜೊತೆಗಾರರೊಂದಿಗೆ ಮುಂದುವರಿದರು. ಕೊನೆಯಲ್ಲಿ ಒಂದು ಕಟ್ಟಡದ ಮೇಲ್ಮಹಡಿಯಿಂದ ಇನ್ನೊಂದು ಮೆಷಿನ್ ಗನ್ ಬೆಂಕಿ ಕಾರತೊಡಗಿತು. ಗಾಯಗೊಂಡ ಮೈಯನ್ನು ಎಳೆದುಕೊಂಡು ತೆವಳಿ ಹೋಗಿ ಗ್ರೆನೇಡ್ ಎಸೆದರು. ಅದು ನಿಲ್ಲಲಿಲ್ಲ. ಪಕ್ಕದ ಗೋಡೆ ಹತ್ತಿ ಒಳಗೆ ನುಗ್ಗಿ ಅದನ್ನೂ ನಿಲ್ಲಿಸಿದರು. ಗುರಿ ಕೈವಶವಾಯಿತು, ಆಲ್ಬರ್ಟ್ ಉಳಿಯಲಿಲ್ಲ.

ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ಆ ಯುದ್ಧದಲ್ಲಿ ನಾಲ್ವರಿಗೆ ಈ ಗೌರವ ದೊರೆಯಿತು. ಪೂರ್ವ ರಣರಂಗದಲ್ಲಿ ಅದನ್ನು ಪಡೆದವರು ಇವರೊಬ್ಬರೇ.

ಇಲ್ಲಿ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳಬಹುದು. ಶತ್ರುವನ್ನೂ ಪ್ರೀತಿಸಿ ಎಂದು ಬೋಧಿಸಿದ ಪ್ರಭುವಿನ ಶಿಷ್ಯರು ಬಯೊನೆಟ್ ಹಿಡಿದವನನ್ನು ಹೇಗೆ ಗೌರವಿಸುವುದು? ಈ ಪ್ರಶ್ನೆಯನ್ನು ಮುಚ್ಚಿಡುವುದು ಬೇಡ. ಆ ಮೆಷಿನ್ ಗನ್ನುಗಳ ಹಿಂದೆ ಇದ್ದವರೂ ತಾಯಂದಿರು ಹೆತ್ತ ಮಕ್ಕಳೇ. ಅವರಿಗಾಗಿಯೂ ಎಲ್ಲೋ ಯಾರೋ ಬಾಗಿಲ ಕಡೆ ನೋಡುತ್ತಾ ಕಾದಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಎರಡು ಮಾತನ್ನೂ ಒಟ್ಟಿಗೇ ಹೇಳಿತು. ನಾಡಿನ ರಕ್ಷಣೆಗಾಗಿ ತಮ್ಮ ಕರ್ತವ್ಯವನ್ನು ಸರಿಯಾಗಿ ಮಾಡುವ ಸೈನಿಕರು ಶಾಂತಿಯ ಸ್ಥಾಪನೆಗೆ ನೆರವಾಗುತ್ತಾರೆ ಎಂದಿತು. ಊರಿಗೆ ಊರನ್ನೇ ಜನರ ಸಮೇತ ನಾಶ ಮಾಡುವುದು ದೇವರಿಗೂ ಮನುಷ್ಯರಿಗೂ ಎಸಗುವ ಅಪರಾಧ ಎಂದೂ ಖಂಡಿಸಿತು. ಆದ್ದರಿಂದ ನಾವು ಆಲ್ಬರ್ಟರನ್ನು ನೆನೆಯುವುದು ಅವರು ಎಷ್ಟು ಜನರನ್ನು ಕೊಂದರು ಎಂಬ ಲೆಕ್ಕಕ್ಕಾಗಿ ಅಲ್ಲ. ಬೀಳುತ್ತಿದ್ದ ಜೊತೆಗಾರರನ್ನು ಕಂಡು ಸುಮ್ಮನಿರಲಾರದೆ ಮುಂದೆ ಹೋದರಲ್ಲ, ಅದಕ್ಕಾಗಿ. ಗೆಳೆಯರಿಗಾಗಿ ಪ್ರಾಣ ಕೊಡುವ ಪ್ರೀತಿಯ ವಿಷಯವಾಗಿ ಪ್ರಭು ಕಡೆಯ ಭೋಜನದ ರಾತ್ರಿ ಶಿಷ್ಯರಿಗೆ ಹೇಳಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ ಇನ್ನೊಮ್ಮೆ ಓದಿ ನೋಡಿ.

ಇನ್ನೊಂದು ಸಂಗತಿ. ಆ ಕಾಲದಲ್ಲಿ ರಣರಂಗದಲ್ಲಿ ಮಡಿದವರ ದೇಹ ಮನೆಗೆ ಬರುತ್ತಿದ್ದುದು ಅಪರೂಪ. ಆಲ್ಬರ್ಟರನ್ನು ಅಗರ್ತಲದ ಹತ್ತಿರವೇ ಮಣ್ಣು ಮಾಡಿದರು. 2000ದಲ್ಲಿ ಅಂಚೆಚೀಟಿ ಬಂತು. ರಾಂಚಿಯ ಮುಖ್ಯ ವೃತ್ತಕ್ಕೆ ಅವರ ಹೆಸರಿದೆ. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೂ ಅವರ ಹೆಸರಿಟ್ಟರು. ಆದರೆ ಸಮಾಧಿಯ ಒಂದು ಹಿಡಿ ಮಣ್ಣು ಊರು ತಲುಪಲು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಮಡಿದವನ ತ್ಯಾಗ ಒಂದು ರಾತ್ರಿಯದು. ಅವನ ಮನೆಯವರದು ದಿನದಿನದ್ದು.

ಪ್ರಿಯರೇ, ನಿಮ್ಮ ಧರ್ಮಕೇಂದ್ರದಲ್ಲೂ ಸೈನ್ಯದಲ್ಲಿರುವ ಮಗನ ತಾಯಿ ಇರಬಹುದು, ಮಗನನ್ನು ಕಳೆದುಕೊಂಡ ತಂದೆ ಇರಬಹುದು. ಈ ಆಗಮನ ಕಾಲದಲ್ಲಿ ಅವರ ಮನೆಗೆ ಒಮ್ಮೆ ಹೋಗಿ ಬನ್ನಿ. ಹಾರ, ಭಾಷಣ ಬೇಡ, ಹತ್ತಿರ ಕುಳಿತರೆ ಸಾಕು. ಸಂಜೆಯ ಜಪಸರದಲ್ಲಿ ಯುದ್ಧಗಳಲ್ಲಿ ಮಡಿದ ಎಲ್ಲರಿಗಾಗಿ, ಎರಡೂ ಕಡೆಯವರಿಗಾಗಿ ಪ್ರಾರ್ಥಿಸಿ. ನಿಮ್ಮ ಮಕ್ಕಳಿಗೆ ಆಲ್ಬರ್ಟರ ಕಥೆ ಹೇಳಿ. ಹೇಳಿದ ಮೇಲೆ ಕೇಳಿ: ನಿನ್ನ ಪಕ್ಕದವನು ಬೀಳುತ್ತಿದ್ದರೆ ನೀನೇನು ಮಾಡುವೆ? ಆ ಪ್ರಶ್ನೆ ನಮಗೂ ಇದೆ. ಪಕ್ಕದ ಮನೆಯಲ್ಲಿ ಕಾಯಿಲೆಯಿಂದ ಮಲಗಿದವರಿದ್ದಾರೆ, ಕೆಲಸದ ಜಾಗದಲ್ಲಿ ಮಾಡದ ತಪ್ಪಿಗೆ ಬೈಗುಳ ತಿನ್ನುವವರಿದ್ದಾರೆ. ಅವರಿಗಾಗಿ ಒಂದು ಹೆಜ್ಜೆ ಮುಂದಿಡಲು ಬಂದೂಕು ಬೇಕಿಲ್ಲ.

ಮುಂದಿನ ಭಾನುವಾರ ಪರಮಪ್ರಸಾದಕ್ಕೆ ಮುನ್ನ ಆ ಶತಾಧಿಪತಿಯ ಮಾತನ್ನು ಹೇಳುವಾಗ, ನಿಮಗಾಗಿ ಮಾತ್ರವಲ್ಲ, ನಿಮ್ಮ ಪಕ್ಕದಲ್ಲಿ ನಿಂತವರಿಗಾಗಿಯೂ ಹೇಳಿ.