ಬೆಟ್ಟ ಹತ್ತುವವನೂ ಅವನ ಜೊತೆಗಾರನೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಕಬ್ಬು ತಂಬಾಕುಗಳ ಹೊಲಗಳ ನಡುವೆ ಬಾಳುವ ನಮಗೆ ದೊಡ್ಡ ಬೆಟ್ಟಗಳ ಪರಿಚಯವು ಕಡಿಮೆ. ಆದರೂ ಮುಂದೆ ನಮ್ಮ ಕೃಷ್ಣೆಯನ್ನು ಕೂಡಿಕೊಳ್ಳುವ ತುಂಗಾ ಭದ್ರಾ ನದಿಗಳು ಹುಟ್ಟುವ ಮಲೆನಾಡಿನಲ್ಲಿ ನಾನು ಕಳೆದ ಒಂದು ದಿನವು ನನ್ನಲ್ಲಿ ಒಂದು ಪ್ರಶ್ನೆಯನ್ನು ಎಬ್ಬಿಸಿತು. ಬಲವುಳ್ಳವನು ಬಲಹೀನನಿಗೋಸ್ಕರ ಎಷ್ಟರ ಮಟ್ಟಿಗೆ ನಿಲ್ಲತಕ್ಕದ್ದು?

ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಶಿಖರವು 1,894 ಮೀಟರು, ಅಂದರೆ 6,200 ಅಡಿಗಿಂತ ಎತ್ತರವಾದದ್ದು. ಕುದುರೆಯ ಮುಖದ ಹಾಗೆ ಕಾಣುವದರಿಂದ ಅದಕ್ಕೆ ಆ ಹೆಸರು. ಮುಳ್ಳೋಡಿ ಎಂಬಲ್ಲಿಂದ ಮುಂಜಾನೆ ಹೊರಟು, ಶೋಲಾ ಕಾಡನ್ನೂ ಹುಲ್ಲುಗಾವಲನ್ನೂ ಹಳ್ಳಗಳನ್ನೂ ದಾಟಿ ಮೇಲೇರಿ, ಅದೇ ದಿನ ಇಳಿದು ಬರಬೇಕು. ರಾಷ್ಟ್ರೀಯ ಉದ್ಯಾನವಾದ್ದರಿಂದ ಮೇಲೆ ರಾತ್ರಿ ತಂಗಲು ಅಪ್ಪಣೆಯಿಲ್ಲ. ಆದಕಾರಣ ಅಲ್ಲಿ ಹೊತ್ತೇ ದೊಡ್ಡ ಧನ.

ಕೆಲವು ವರುಷಗಳ ಹಿಂದೆ ನಮ್ಮ ಸಭೆಯ ಇಬ್ಬರು ಯೌವನಸ್ಥರೊಂದಿಗೆ ಅಲ್ಲಿಗೆ ಹೋಗಿದ್ದೆನು. ತುದಿಯು ಕಣ್ಣಿಗೆ ಕಾಣುತ್ತಿರುವಾಗಲೇ ಕಿರಿಯವನು ಮೀನಖಂಡ ಹಿಡಿದುಕೊಂಡು ಬಂಡೆಯ ಮೇಲೆ ಕುಳಿತುಬಿಟ್ಟನು. “ಕಾಕಾ, ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂದರತೇನಿ” ಅಂದನು. ನಿಜ ಹೇಳುತ್ತೇನೆ, ನನ್ನಲ್ಲಿ ಮೊದಲು ಹುಟ್ಟಿದ್ದು ಸಿಟ್ಟು. ಕರುಣೆಯು ತಡವಾಗಿ ಬಂತು. ಮೂವರೂ ಹಿಂದಿರುಗಿದೆವು.

ಬಲಹೀನನು ಎಲ್ಲರನ್ನೂ ಕೆಡವಲಾರನೋ ಎಂದು ಕೆಲವರು ಕೇಳುವರು. ಕೆಡವಬಹುದು. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ 4,478 ಮೀಟರು ಎತ್ತರದ ಮ್ಯಾಟರ್‌ಹಾರ್ನ್ ಶಿಖರವನ್ನು 1865ನೇ ಜುಲೈ 14ರಂದು ಏಳು ಮಂದಿ ಮೊದಲ ಸಾರಿ ಹತ್ತಿದರು. ಹಗ್ಗ ಕಟ್ಟಿಕೊಂಡು ಇಳಿಯುವಾಗ ಅನುಭವ ಸಾಲದ ಹ್ಯಾಡೋ ಎಂಬ 19 ವರುಷದವನು ಜಾರಿದನು. ಮೂವರನ್ನು ತನ್ನೊಂದಿಗೆ ಎಳೆದನು. ಹಗ್ಗ ಹರಿದು ನಾಲ್ವರೂ ಸತ್ತರು. ಸತ್ತವರಲ್ಲಿ ಒಬ್ಬರಾದ ಹಡ್ಸನ್ ಪಾದ್ರಿಗಳೇ ಅವನು ಶಕ್ತನೆಂದು ಹೇಳಿ ಕರೆತಂದಿದ್ದರು. ಅವನೊಂದಿಗೆ ಹಗ್ಗ ಕಟ್ಟಿಕೊಂಡದ್ದು ತಪ್ಪೆಂದು ನನಗೆ ತೋರದು. ಅವನ ಬಲವನ್ನು ಮುಂಚೆಯೇ ಅಳೆಯದೆ ಹೋದದ್ದು ತಪ್ಪು. ನಾನೂ ಹೊರಡುವ ಮುಂಚೆ ಆ ಹುಡುಗನ ಶಕ್ತಿಯನ್ನು ವಿಚಾರಿಸಿರಲಿಲ್ಲ.

ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ ಆರನೇ ಅಧ್ಯಾಯದ ಎರಡನೇ ವಚನವನ್ನೂ ಐದನೇ ವಚನವನ್ನೂ ಜೊತೆಯಾಗಿ ಓದಿರಿ. ಒಂದು ನೆರೆಯವನ ಭಾರಕ್ಕೆ ಹೆಗಲು ಕೊಡಲು ಕಲಿಸುತ್ತದೆ; ಇನ್ನೊಂದು ತನ್ನ ಹೊರೆಗೆ ತಾನೇ ಹೊಣೆಯೆಂದು ಎಚ್ಚರಿಸುತ್ತದೆ. ಬೆಟ್ಟದ ಮೇಲೆ ಎರಡೂ ಸತ್ಯ. ನನ್ನ ಕಾಲುಗಳನ್ನು ಆ ಹುಡುಗನಿಗೆ ಸಾಲ ಕೊಡಲಾರೆನು; ನನ್ನ ಹೊತ್ತನ್ನು ಕೊಡಬಲ್ಲೆನು.

ನಮ್ಮ ಸಭೆಗಳಲ್ಲಿ ಸತ್ಯವೇದವನ್ನು ಸರಾಗವಾಗಿ ಓದುವವನು ಅಕ್ಷರ ಬಾರದವನಿಗಾಗಿ ನಿಧಾನಿಸುತ್ತಾನೋ? ಕುಡಿತವನ್ನು ಗೆದ್ದವನು ಮತ್ತೆ ಬಿದ್ದವನ ಮನೆಗೆ ಹೋಗುತ್ತಾನೋ? ಜೋಡೆತ್ತಿನಲ್ಲಿ ಒಂದೇ ಮುನ್ನುಗ್ಗಿದರೆ ನೊಗವು ಓರೆಯಾಗಿ ಸಾಲು ಕೆಡುವದೆಂದು ಒಕ್ಕಲಿಗನಿಗೆ ಯಾರು ಕಲಿಸಬೇಕು?

ಆ ತುದಿಯನ್ನು ನಾನು ಇಂದಿನ ವರೆಗೂ ಮೆಟ್ಟಿಲ್ಲ. ಆ ಹುಡುಗನು ಈಗ ಭಾನುವಾರದ ಶಾಲೆಯಲ್ಲಿ ಕಲಿಸುತ್ತಾನೆ. ಹಿಂದುಳಿದ ಮಗುವಿಗಾಗಿ ಕಾಯುತ್ತಾನೆ. ಕರ್ತನು ನಮಗೆ ನಿಲ್ಲುವ ತಾಳ್ಮೆಯನ್ನೂ, ಹೊರಡುವ ಮುಂಚೆಯೇ ಸತ್ಯ ಹೇಳುವ ಧೈರ್ಯವನ್ನೂ ದಯಪಾಲಿಸಲಿ.