ಮುಂದಿನ ಪೆಟ್ಟಿಗೆಯ ಆಸೆ

ಆಸೆಪಡುವುದು ತಪ್ಪೇ? ಇದು ಬಹಳ ಹಳೆಯ ಪ್ರಶ್ನೆ. ಆಸೆಯೇ ದುಃಖಕ್ಕೆ ಮೂಲ ಎಂದ ಹಿರಿಯರಿದ್ದಾರೆ. ಆಸೆಯಿಲ್ಲದವನು ಮುಂದಿನ ಹೆಜ್ಜೆಯನ್ನೇ ಇಡಲಾರ ಎಂದವರೂ ಇದ್ದಾರೆ. ಪ್ರಿಯ ಓದುಗರೇ, ಈ ದೊಡ್ಡ ಪ್ರಶ್ನೆಯನ್ನು ಇಂದು ಒಂದು ಆಟಿಕೆಯ ಮೂಲಕ ಯೋಚಿಸೋಣ. ಆಟಿಕೆ ಎಂದು ನಗಬೇಡಿ. ಮನುಷ್ಯನ ಆಸೆ ಅಡ್ಡಮರೆಯಿಲ್ಲದೆ ಕಾಣಸಿಗುವುದು ಹೆಚ್ಚಾಗಿ ಆಟಿಕೆಯ ಮುಂದೆಯೇ.

ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದರು. 'ಚೆನ್ನಾಗಿ ಆಡು' ಎಂಬರ್ಥದ ಡ್ಯಾನಿಷ್ ಮಾತುಗಳನ್ನು ಕೂಡಿಸಿ ಅದಕ್ಕೆ 'ಲೆಗೋ' ಎಂದು ಹೆಸರಿಟ್ಟರು. ಒಂದರ ಮೇಲೊಂದು ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಇಟ್ಟಿಗೆಗೆ 1958ರಲ್ಲಿ ಪೇಟೆಂಟ್ ಕೋರಲಾಯಿತು. 1977ರಲ್ಲಿ ಅದೇ ಸಂಸ್ಥೆ ಹಲ್ಲಿನ ಚಕ್ರ, ಅಚ್ಚು, ಸ್ಟಿಯರಿಂಗ್ ಮೊದಲಾದ ಭಾಗಗಳಿದ್ದ ಹೊಸ ಬಗೆಯ ಸೆಟ್‌ಗಳನ್ನು ತಂದಿತು. ಇವುಗಳಿಗೆ ಮುಂದೆ 'ಟೆಕ್ನಿಕ್' ಎಂಬ ಹೆಸರು ನಿಂತಿತು. ಮನೆ, ಕೋಟೆಗಳನ್ನು ಕಟ್ಟುತ್ತಿದ್ದ ಮಕ್ಕಳು ಈಗ ಓಡುವ, ಎತ್ತುವ, ಅಗೆಯುವ ಯಂತ್ರಗಳನ್ನು ಕಟ್ಟಬಹುದಾಯಿತು. 1984ರಲ್ಲಿ ಗಾಳಿಯ ಒತ್ತಡದಿಂದ ಕೆಲಸ ಮಾಡುವ ಪಂಪು, ಕೊಳವೆಗಳೂ ಬಂದವು. 1994ರ ದೊಡ್ಡ ಕಾರಿನಲ್ಲಿ ನಾಲ್ಕೂ ಚಕ್ರಗಳು ತಿರುಗುತ್ತಿದ್ದವು, ಒಳಗೆ ನಾಲ್ಕು ವೇಗದ ಗಿಯರ್ ಪೆಟ್ಟಿಗೆ ಇತ್ತು. 2019ರಲ್ಲಿ ಬಂದ ಲೀಬೆರ್ ಎಂಬ ಗಣಿ ಯಂತ್ರದಲ್ಲಿ 4,108 ಬಿಡಿಭಾಗಗಳು, ಏಳು ಮೋಟಾರುಗಳು. ನಮ್ಮ ಕಡೆ ಅಗೆಯುವ ಯಂತ್ರ ಯಾವುದೇ ಇರಲಿ, ಅದನ್ನು ಜೆಸಿಬಿ ಎಂದು ಕರೆದು, ರಸ್ತೆ ಬದಿಯಲ್ಲಿ ನಿಂತು ನೋಡುವ ಮಕ್ಕಳಿಗೆ ಇದರ ಸೆಳೆತ ಏನೆಂದು ವಿವರಿಸಬೇಕಾಗಿಲ್ಲ.

ಈ ಯಂತ್ರಗಳನ್ನು ಕಟ್ಟುವವರು ಮಕ್ಕಳಷ್ಟೇ ಅಲ್ಲ. ಯುರೋಪು, ಅಮೆರಿಕ ಮೊದಲಾದ ಕಡೆ ಇದಕ್ಕೆ ದೊಡ್ಡವರ ಅಭಿಮಾನಿ ಬಳಗಗಳಿವೆ. ಈ ವರ್ಷದ ಸೆಟ್‌ಗಳು ಅಂಗಡಿಗೆ ಬರುವ ಮೊದಲೇ ಮುಂದಿನ ವರ್ಷ ಏನು ಬರಬೇಕೆಂಬ ಪಟ್ಟಿ ಇವರಲ್ಲಿ ಸಿದ್ಧವಾಗಿರುತ್ತದೆ. ದುಬಾರಿ ಓಟದ ಕಾರುಗಳು ಸಾಕು, ಹೊಲದ ಯಂತ್ರಗಳು ಬರಲಿ ಎನ್ನುವವರಿದ್ದಾರೆ. ದೊಡ್ಡದೊಂದು ಕಟಾವು ಯಂತ್ರ ಬೇಕು, ಗಾಳಿಯ ಒತ್ತಡದ ಕ್ರೇನ್ ಮತ್ತೆ ಬೇಕು, ಅಂಟಿಸುವ ಚೀಟಿಗಳು ಕಡಿಮೆಯಾಗಲಿ ಎನ್ನುವವರಿದ್ದಾರೆ. ಮೊಬೈಲ್ ಫೋನಿಲ್ಲದೆ ಅಲುಗಾಡದ ಯಂತ್ರ ಬೇಡ, ಕೈಯಲ್ಲಿ ಹಿಡಿಯುವ ರಿಮೋಟ್ ಕೊಡಿ ಎನ್ನುವವರೂ ಇದ್ದಾರೆ.

ಇದನ್ನು ಕೇಳಿದಾಗ ನಿಮ್ಮ ಮನಸ್ಸಿನಲ್ಲಿ ಮೊದಲು ಏಳುವ ಮಾತು ಯಾವುದು? "ಇದ್ದದ್ದು ಸಾಲದೇ? ಇದು ಬರೀ ಲೋಭ" ಎಂದಲ್ಲವೇ? ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಕೊಂಡ ಪೆಟ್ಟಿಗೆಯನ್ನು ತೆರೆಯದೆ ಕಪಾಟಿನಲ್ಲಿಟ್ಟು ಮುಂದಿನದಕ್ಕೆ ಕೈಚಾಚುವವರಿದ್ದಾರೆ. ಒಳಗಿನ ಯಂತ್ರ ಏನು ಮಾಡುತ್ತದೆ ಎಂಬುದಕ್ಕಿಂತ ಪೆಟ್ಟಿಗೆಯ ಮೇಲೆ ಎಷ್ಟು ಸಾವಿರ ಬಿಡಿಭಾಗ ಎಂದು ಬರೆದಿದೆ ಎಂಬುದೇ ಕೆಲವರಿಗೆ ಮುಖ್ಯ. ಇಂಥ ಆಸೆಗೆ ತೃಪ್ತಿಯ ದಿನವೇ ಬರುವುದಿಲ್ಲ. ಅದಕ್ಕೆ ಬೇಕಾಗಿರುವುದು ವಸ್ತುವಲ್ಲ, 'ಇನ್ನೂ' ಎಂಬ ಒಂದು ಮಾತು ಮಾತ್ರ.

ಆದರೆ ಅಭಿಮಾನಿಗಳ ಪಟ್ಟಿಯನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಒಳ್ಳೆಯ ಕಟಾವು ಯಂತ್ರ ಬೇಕೆಂದು ಕೇಳುವವನಿಗೆ ಆ ಯಂತ್ರ ಪೈರನ್ನು ಹೇಗೆ ಒಳಗೆಳೆಯುತ್ತದೆ, ಕಾಳನ್ನು ಹುಲ್ಲಿನಿಂದ ಹೇಗೆ ಬೇರ್ಪಡಿಸುತ್ತದೆ ಎಂಬುದು ಗೊತ್ತಿರಬೇಕು. ಕ್ರೇನಿನ ತೋಳು ಉದ್ದವಾಗಲಿ ಎನ್ನುವವನಿಗೆ ಹಿಂದೆ ಎಷ್ಟು ಭಾರ ಇಟ್ಟರೆ ಅದು ಮಗುಚದೆ ನಿಲ್ಲುತ್ತದೆ ಎಂಬ ಲೆಕ್ಕ ಗೊತ್ತಿರಬೇಕು. ಯಾರೋ ಬೆವರು ಸುರಿಸಿ ಮಾಡುವ ಕೆಲಸವನ್ನು ಇವರು ಗೌರವದಿಂದ ನೋಡಿದ್ದಾರೆ, ಅದರ ಒಳಗುಟ್ಟನ್ನು ಕಲಿತಿದ್ದಾರೆ. ಇಂಥ ಆಸೆಯನ್ನು ಲೋಭ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಪ್ರೀತಿಯಿಂದ ಗಮನಿಸಿದ್ದರ ಫಲ ಅದು.

ಹಾಗಾದರೆ ಆಸೆಯಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯುವುದು ಹೇಗೆ? ನನಗೆ ತೋಚುವ ಉತ್ತರ ಇಷ್ಟು: ತಾನು ಬಯಸಿದ ವಸ್ತುವನ್ನು ಇಡಿಯಾಗಿ ನೋಡಲು ಒಪ್ಪುವ ಆಸೆ ಒಳ್ಳೆಯದು. ತನಗೆ ಹಿತವಾದಷ್ಟನ್ನೇ ನೋಡಿ ಉಳಿದದ್ದಕ್ಕೆ ಕಣ್ಣು ಮುಚ್ಚುವ ಆಸೆ ಅಪಾಯದ್ದು. ಎರಡು ನಿಜ ಉದಾಹರಣೆಗಳಿಂದ ಇದನ್ನು ಪರೀಕ್ಷಿಸೋಣ.

2016ರಲ್ಲಿ ಟೆಕ್ನಿಕ್ ಸಾಲಿನಲ್ಲಿ ಚಕ್ರದ ಸುತ್ತ ಬಕೆಟ್‌ಗಳಿರುವ ಒಂದು ಭಾರಿ ಅಗೆಯುವ ಯಂತ್ರ ಬಂತು. ಸುಮಾರು 3,900 ಬಿಡಿಭಾಗಗಳ ಆ ಸೆಟ್ ಅಭಿಮಾನಿಗಳಿಗೆ ಹಬ್ಬದಂತಿತ್ತು. ಅಂಥ ನಿಜವಾದ ಯಂತ್ರಗಳು ಜರ್ಮನಿಯ ಕಂದು ಕಲ್ಲಿದ್ದಲು ಗಣಿಗಳಲ್ಲಿ ಕೆಲಸ ಮಾಡಿವೆ. ಅವುಗಳಲ್ಲಿ ಪ್ರಸಿದ್ಧವಾದ 'ಬಾಗರ್ 288' 1978ರಲ್ಲಿ ಸಿದ್ಧವಾಯಿತು. ಅದರ ತೂಕ ಸುಮಾರು 13,500 ಟನ್. 2001ರಲ್ಲಿ ಅದು ಹಂಬಾಖ್ ಗಣಿಯಿಂದ ಗಾರ್ಟ್ಸ್‌ವೈಲರ್ ಗಣಿಗೆ ಹೊಲ, ರಸ್ತೆ, ಹೊಳೆಗಳನ್ನು ದಾಟಿಕೊಂಡು ನಡೆದೇ ಹೋಯಿತು. ಮನುಷ್ಯನ ಬುದ್ಧಿಶಕ್ತಿಯನ್ನು ನೋಡಿ ಬೆರಗಾಗುವಂಥ ಸಂಗತಿ ಇದು.

ಆದರೆ ಆ ಗಾರ್ಟ್ಸ್‌ವೈಲರ್ ಗಣಿಗಾಗಿ ಹಳ್ಳಿಗಳೇ ಎದ್ದು ಹೋದವು. ಇಮ್ಮರಾತ್ ಎಂಬ ಹಳ್ಳಿಯ ಜನರು ಬೇರೆ ಕಡೆ ಕಟ್ಟಿದ ಹೊಸ ಊರಿಗೆ ಹೋಗಬೇಕಾಯಿತು. ಅಲ್ಲಿದ್ದ ಸಂತ ಲ್ಯಾಂಬರ್ಟ್ ದೇವಾಲಯಕ್ಕೆ ಎರಡು ಗೋಪುರಗಳಿದ್ದವು. ಸುತ್ತಲಿನವರು ಅದನ್ನು ಪ್ರೀತಿಯಿಂದ 'ಇಮ್ಮರಾತಿನ ಮಹಾದೇವಾಲಯ' ಎನ್ನುತ್ತಿದ್ದರು. 2018ರ ಜನವರಿಯಲ್ಲಿ ಅದನ್ನು ಯಂತ್ರಗಳಿಂದ ಕೆಡವಿಹಾಕಲಾಯಿತು. ತಮ್ಮ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದ, ತಮ್ಮ ಹಿರಿಯರನ್ನು ಕೊನೆಯ ಬಾರಿ ಕೊಂಡೊಯ್ದ ಗುಡಿ ಮಣ್ಣಾದದ್ದನ್ನು ಆ ಊರಿನವರು ನೋಡಬೇಕಾಯಿತು.

ಇದರರ್ಥ ಆ ಆಟಿಕೆಯನ್ನು ಬಯಸಿದವರು ಪಾಪ ಮಾಡಿದರೆಂದೇ? ಖಂಡಿತ ಅಲ್ಲ. ಅದೇ ಕಲ್ಲಿದ್ದಲು ಎಷ್ಟೋ ಮನೆಗಳಿಗೆ ಬೆಳಕು ಕೊಟ್ಟಿದೆ, ಎಷ್ಟೋ ಕುಟುಂಬಗಳಿಗೆ ಅನ್ನ ಕೊಟ್ಟಿದೆ. ನಾನು ಹೇಳುವುದು ಇಷ್ಟೇ: ಆ ಯಂತ್ರವನ್ನು ಮೇಜಿನ ಮೇಲೆ ಕಟ್ಟುತ್ತಿರುವ ತಂದೆ, ಪಕ್ಕದಲ್ಲಿ ಕುಳಿತ ಮಗನಿಗೆ ಇಮ್ಮರಾತಿನ ಕಥೆಯನ್ನೂ ಹೇಳಬಲ್ಲವನಾಗಿರಬೇಕು. ಆಗ ಆ ಆಟಿಕೆಯ ಬೆಲೆ ಕಡಿಮೆಯಾಗುವುದಿಲ್ಲ. ಯಂತ್ರಕ್ಕೆ ಶಕ್ತಿಯೊಂದಿಗೆ ಹೊಣೆಯೂ ಉಂಟೆಂದು ಹುಡುಗ ಕಲಿಯುತ್ತಾನೆ.

ಎರಡನೆಯ ಉದಾಹರಣೆ 2020ರದು. ಹೆಲಿಕಾಪ್ಟರಿನಂತೆ ನೇರವಾಗಿ ಮೇಲೇರಿ ವಿಮಾನದಂತೆ ಹಾರುವ 'ಓಸ್ಪ್ರೇ' ಎಂಬುದರ ಟೆಕ್ನಿಕ್ ಸೆಟ್ ಆ ವರ್ಷದ ಆಗಸ್ಟ್ ತಿಂಗಳಲ್ಲಿ ಬರಬೇಕಿತ್ತು. ಅಭಿಮಾನಿಗಳು ಆತುರದಿಂದ ಕಾಯುತ್ತಿದ್ದರು. ಪೆಟ್ಟಿಗೆಯ ಮೇಲಿದ್ದದ್ದು ಪ್ರಾಣ ರಕ್ಷಿಸುವ ವಿಮಾನದ ಚಿತ್ರ. ಆದರೆ ನಿಜವಾದ ಓಸ್ಪ್ರೇಯನ್ನು ಬಳಸುವುದು ಸೇನೆ ಮಾತ್ರ. ಜರ್ಮನಿಯ ಒಂದು ಶಾಂತಿ ಸಂಘಟನೆ ಇದನ್ನು ಎತ್ತಿ ತೋರಿಸಿ ಪ್ರತಿಭಟನೆಗೆ ಸಿದ್ಧವಾಯಿತು. ನಿಜವಾದ ಸೇನಾ ವಾಹನಗಳ ಸೆಟ್ ಮಾಡುವುದಿಲ್ಲ ಎಂಬುದು ಲೆಗೋ ಸಂಸ್ಥೆಯೇ ಹಿಂದಿನಿಂದ ಹಾಕಿಕೊಂಡಿದ್ದ ನಿಯಮ. ಜುಲೈ ತಿಂಗಳಲ್ಲಿ, ಪೆಟ್ಟಿಗೆಗಳೆಲ್ಲ ಸಿದ್ಧವಾಗಿದ್ದಾಗ, ಸಂಸ್ಥೆ ಆ ಸೆಟ್ಟನ್ನು ಹಿಂದಕ್ಕೆ ಪಡೆಯಿತು. ಕೆಲವು ಅಭಿಮಾನಿಗಳಿಗೆ ನಿರಾಶೆಯಾಗುವುದು ತನಗೆ ಗೊತ್ತೆಂದೂ ಹೇಳಿತು.

ನಿರಾಶೆ ಆಗಿಯೇ ಆಯಿತು. "ಇದು ಬರೀ ಆಟಿಕೆ, ಅದೂ ರಕ್ಷಣೆಯ ಬಣ್ಣ ಬಳಿದದ್ದು" ಎಂದು ವಾದಿಸಿದವರಿದ್ದರು. ಅವರ ವಾದವನ್ನು ಹಗುರವಾಗಿ ಕಾಣಬಾರದು. ಸೇನೆಯ ವಿಮಾನ ನೆರೆ, ಭೂಕಂಪಗಳಲ್ಲಿ ಜನರ ಜೀವ ಉಳಿಸುವುದೂ ಉಂಟು. ಅಂಗಡಿಗೆ ಮೊದಲೇ ತಲುಪಿದ್ದ ಕೆಲವು ಪೆಟ್ಟಿಗೆಗಳು ಆಮೇಲೆ ಹಲವು ಪಟ್ಟು ಬೆಲೆಗೆ ಮಾರಾಟವಾದವು. ಬೇಡ ಎಂದದ್ದರಿಂದಲೇ ಆಸೆ ಹೆಚ್ಚಾಯಿತು ಎಂಬುದನ್ನೂ ಗಮನಿಸಿ. ಆದರೂ ಕೊಟ್ಟ ಮಾತನ್ನು ಲಾಭಕ್ಕಾಗಿ ಮುರಿಯದೆ, ನಷ್ಟ ಸಹಿಸಿ, ಕಾರಣ ತಿಳಿಸಿ 'ಇಲ್ಲ' ಎಂದದ್ದು ಕಲಿಯಬೇಕಾದ ಸಂಗತಿ. ಮೊದಲೇ ಯೋಚಿಸಿದ್ದರೆ ಇನ್ನೂ ಚೆನ್ನಾಗಿತ್ತು, ನಿಜ. ತಡವಾಗಿ ಬಂದ ನ್ಯಾಯವೂ ನ್ಯಾಯವೇ.

ಇದೇ ಸಂಸ್ಥೆ ಜನರ ಆಸೆಗಳಿಗೆ ಒಂದು ಬಾಗಿಲನ್ನೂ ತೆರೆದಿಟ್ಟಿದೆ. ಯಾರು ಬೇಕಾದರೂ ತಮ್ಮ ಕಲ್ಪನೆಯ ಮಾದರಿಯನ್ನು ಮುಂದಿಡಬಹುದು. 10,000 ಜನರ ಬೆಂಬಲ ಸಿಕ್ಕರೆ ಸಂಸ್ಥೆ ಅದನ್ನು ಪರಿಶೀಲಿಸುತ್ತದೆ. ಈ ಕ್ರಮ ಮೊದಲು ಆರಂಭವಾದದ್ದು ಜಪಾನಿನಲ್ಲಿ. ಹೀಗೆ ಹೊರಬಂದ ಮೊದಲ ಸೆಟ್ 2011ರ 'ಶಿಂಕೈ 6500'. ಸಮುದ್ರದಲ್ಲಿ 6,500 ಮೀಟರ್ ಆಳಕ್ಕೆ ಇಳಿದು ಸಂಶೋಧನೆ ಮಾಡುವ ಜಪಾನಿನ ನೌಕೆಯ ಮಾದರಿ ಅದು. ಆದರೆ 10,000 ಬೆಂಬಲ ಪಡೆದ ಮಾದರಿಗಳಲ್ಲಿಯೂ ಹೆಚ್ಚಿನವು ತಿರಸ್ಕೃತವಾಗುತ್ತವೆ. ತಿಂಗಳುಗಟ್ಟಲೆ ದುಡಿದವರು ಕೊನೆಗೆ 'ಇಲ್ಲ' ಎಂಬ ಉತ್ತರ ಕೇಳುತ್ತಾರೆ. ಅವರಲ್ಲಿ ಹಲವರು ಮತ್ತೆ ಇಟ್ಟಿಗೆಗಳ ಮುಂದೆ ಕುಳಿತು ಇನ್ನೊಂದನ್ನು ಕಟ್ಟುತ್ತಾರೆ. ಆಸೆ ಕೈಗೂಡದಿದ್ದರೂ ಅದಕ್ಕಾಗಿ ಕಲಿತ ವಿದ್ಯೆಯನ್ನು ಯಾರೂ ಕಸಿದುಕೊಳ್ಳಲಾರರು.

ತಂದೆತಾಯಂದಿರೇ, ಈ ಮಾತು ನಿಮ್ಮ ಮನೆಯ ಬಾಗಿಲಿಗೂ ಬರುತ್ತದೆ. ನಿಮ್ಮ ಮಗ ಅಥವಾ ಮಗಳು ಬೊಟ್ಟು ಮಾಡಿ ತೋರಿಸುವ ಯಂತ್ರದ ಬೆಲೆ ನಿಮ್ಮ ತಿಂಗಳ ಮನೆಬಾಡಿಗೆಯಷ್ಟು ಇರಬಹುದು, ಅದಕ್ಕಿಂತ ಹೆಚ್ಚೂ ಇರಬಹುದು. ಆಗ ಎರಡು ಸುಲಭದ ದಾರಿಗಳಿವೆ. ಒಂದು, ಸಾಲ ಮಾಡಿಯಾದರೂ ಕೊಡಿಸುವುದು. ಇನ್ನೊಂದು, "ನಿನಗೆ ದುರಾಸೆ" ಎಂದು ಗದರಿಸಿ ಬಾಯಿ ಮುಚ್ಚಿಸುವುದು. ಮೊದಲನೆಯದು ಮಗುವಿಗೆ ಅಪ್ಪ ಅಮ್ಮನ ಕಷ್ಟವನ್ನು ಮರೆಮಾಚುತ್ತದೆ. ಎರಡನೆಯದು, ಆಸೆಯೇ ನಾಚಿಕೆಗೇಡು ಎಂದು ಕಲಿಸುತ್ತದೆ. ಹಾಗೆ ಕಲಿತ ಮಗು ಆಸೆಪಡುವುದನ್ನು ಬಿಡುವುದಿಲ್ಲ. ಅದನ್ನು ನಿಮಗೆ ಹೇಳುವುದನ್ನು ಬಿಡುತ್ತದೆ.

ಮೂರನೆಯ ದಾರಿ ಸ್ವಲ್ಪ ನಿಧಾನದ್ದು. ಮೊದಲು ಮಗುವನ್ನು ಕೇಳಿ: ಈ ಯಂತ್ರ ಏನು ಕೆಲಸ ಮಾಡುತ್ತದೆ? ಅದರಿಂದ ಯಾರಿಗೆ ಉಪಕಾರ, ಯಾರಿಗೆ ತೊಂದರೆ? ಅದನ್ನು ಓಡಿಸುವವನು ಬಿಸಿಲಿನಲ್ಲಿ ಎಷ್ಟು ಹೊತ್ತು ಕೂರುತ್ತಾನೆ? ಆಮೇಲೆ, ಮನೆಯಲ್ಲಿರುವುದರಿಂದ ಅದನ್ನು ಕಟ್ಟಲು ಸಾಧ್ಯವೇ ಎಂದು ಕೇಳಿ. ಟೆಕ್ನಿಕ್‌ನ ಹಲವು ಸೆಟ್‌ಗಳಲ್ಲಿ ಅದೇ ಬಿಡಿಭಾಗಗಳಿಂದ ಇನ್ನೊಂದು ಯಂತ್ರವನ್ನೂ ಕಟ್ಟಬಹುದು. ಅಭಿಮಾನಿಗಳು ಅಲ್ಲಿಗೂ ನಿಲ್ಲದೆ ಮೂರನೆಯದನ್ನು ತಾವೇ ಕಂಡುಹಿಡಿಯುತ್ತಾರೆ. ಬೆಂಕಿಪೊಟ್ಟಣ, ದಾರದ ಉರುಳೆ, ಮುರಿದ ಆಟಿಕೆಯ ಚಕ್ರ ಇಷ್ಟಿದ್ದರೂ ಒಂದು ಕ್ರೇನ್ ಆದೀತು. ಕೊನೆಗೆ, ಕೊಡಿಸಲು ಆಗದಿದ್ದರೆ ಕಾರಣವನ್ನು ಮುಚ್ಚಿಡದೆ ಹೇಳಿ. "ಇಲ್ಲ ಮಗೂ, ಈ ತಿಂಗಳು ಅಜ್ಜಿಯ ಔಷಧಿಗೆ ಹಣ ಬೇಕು" ಎಂಬ ಮಾತನ್ನು ಮಕ್ಕಳು ನಾವು ಎಣಿಸುವುದಕ್ಕಿಂತ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ. ಕಾರಣವಿಲ್ಲದ 'ಇಲ್ಲ' ಅವರನ್ನು ನೋಯಿಸುತ್ತದೆ. ಕಾರಣ ಸಹಿತವಾದ 'ಇಲ್ಲ' ಅವರನ್ನು ಮನೆಯ ಕಷ್ಟಸುಖದಲ್ಲಿ ಪಾಲುದಾರರನ್ನಾಗಿ ಮಾಡುತ್ತದೆ.

ದೊಡ್ಡವರಾದ ನಮ್ಮ ಪಟ್ಟಿಗಳೂ ಇದೇ ಪರೀಕ್ಷೆಗೆ ನಿಲ್ಲಬೇಕು. ಹೊಸ ವಾಹನ, ಹೊಸ ಮನೆ, ಹೊಸ ಉದ್ಯೋಗ, ನಮ್ಮ ಪಟ್ಟಿಯೇನು ಚಿಕ್ಕದೇ? ಬಯಸಿದ್ದನ್ನು ಇಡಿಯಾಗಿ ನೋಡಿದ್ದೇವೆಯೇ? ಅದಕ್ಕಾಗಿ ಬೇರೆ ಯಾರು ಏನು ಕಳೆದುಕೊಳ್ಳುತ್ತಾರೆಂದು ವಿಚಾರಿಸಿದ್ದೇವೆಯೇ? ಕೈಯಲ್ಲಿರುವುದನ್ನು ಪೂರ್ತಿ ಬಳಸಿದ್ದೇವೆಯೇ? ಯಾರಾದರೂ ನ್ಯಾಯವಾದ ಕಾರಣ ಕೊಟ್ಟು 'ಇಲ್ಲ' ಎಂದರೆ ಸಹಿಸಿಕೊಳ್ಳಬಲ್ಲೆವೇ? ಈ ವಾರ ಒಂದು ಸಂಜೆ ಮನೆಯವರೆಲ್ಲ ಒಟ್ಟಿಗೆ ಕುಳಿತು ತಮ್ಮ ತಮ್ಮ ಆಸೆಗಳನ್ನು ಹೇಳಿಕೊಳ್ಳಿ. ಚಿಕ್ಕವರಿಗೆ ಮೊದಲು ಮಾತನಾಡಲು ಬಿಡಿ.